ಎಸ್‌ಎಲ್‌ಆರ್ ಪಿಸ್ಟನ್ ಬಿಡಿಯಾಗಿ ಬಂತು, ಇನ್ಸಾಸ್‌ನದ್ದು ಅಂಟಿಕೊಂಡೇ ಬಂತು. ಯಾಕೆ?

ಧಾರವಾಡ ಕೆಡೆಟ್

ಎಲ್ಲರಿಗೂ ನಮಸ್ಕಾರ. ನಾನು ಎನ್‌ಸಿಸಿಯಲ್ಲಿ ಮೂರನೇ ವರ್ಷ. ಸಿ ಸರ್ಟಿಫಿಕೇಟ್ ಪರೀಕ್ಷೆಗೆ ಓದುತ್ತಿದ್ದೇನೆ. ಹೋದ ಕ್ಯಾಂಪಿನಲ್ಲಿ ನಮಗೆ ಕಲಿಸುವ ಉಸ್ತಾದ್ ಗ್ರೌಂಡ್‌ಶೀಟ್ ಹಾಸಿ ನಮ್ಮ ಸೇನೆಯ ರೈಫಲ್‌ಗಳಾದ ಎಸ್‌ಎಲ್‌ಆರ್, ಇನ್ಸಾಸ್ ಎರಡನ್ನೂ ಪಕ್ಕಪಕ್ಕ ಬಿಚ್ಚಿದರು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ.

ಎಸ್‌ಎಲ್‌ಆರ್‌ನ ಮುಂದಿರುವ ಗ್ಯಾಸ್ ಪ್ಲಗ್ ತಿರುಗಿಸಿ ತೆಗೆದ ಕೂಡಲೇ ತೆಳ್ಳನೆಯ ಪಿಸ್ಟನ್ ತನ್ನ ಸ್ಪ್ರಿಂಗ್ ಸಮೇತ ಮುಂದಿನಿಂದ ಆಚೆ ಬಂತು. ಇನ್ಸಾಸ್‌ನಲ್ಲಿ ಹಾಗಿಲ್ಲ. ಹಿಂದಿನ ಮುಚ್ಚಳ ತೆಗೆದು ಹಿಂದೆ ಮುಂದೆ ಓಡುವ ಭಾಗವಾದ ಕ್ಯಾರಿಯರ್ ಎಳೆದರೆ ಅದರ ಮೂಗಿಗೇ ಪಿಸ್ಟನ್ ಅಂಟಿಕೊಂಡು ಬಂತು. ಎರಡೂ ಗ್ಯಾಸ್‌ನಿಂದ ಓಡುವ ಬಂದೂಕೇ ತಾನೇ? ಹಾಗಿದ್ದ ಮೇಲೆ ಈ ವ್ಯತ್ಯಾಸ ಯಾಕೆ? ಕೇಳೋಣ ಅನ್ನುವಷ್ಟರಲ್ಲಿ ಊಟದ ಸೀಟಿ ಊದಿದರು.

ಮನೆಗೆ ಬಂದು ಯೂಟ್ಯೂಬ್ ನೋಡಿದೆ. ಶಾರ್ಟ್ ಸ್ಟ್ರೋಕ್, ಲಾಂಗ್ ಸ್ಟ್ರೋಕ್, ಡೈರೆಕ್ಟ್ ಇಂಪಿಂಜ್‌ಮೆಂಟ್ ಅಂತ ಮೂರು ಹೆಸರು ಸಿಕ್ಕಿತು. ಅದರ ಜೊತೆ ಯಾವುದು ಒಳ್ಳೆಯದು ಅಂತ ದೊಡ್ಡ ಜಗಳ. ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳ್ತೀರಾ?

ಹಾಸನದ ಆರ್ಮರರ್

ತಮ್ಮಾ, ಕೇಳಿದ್ದು ಒಳ್ಳೆಯದಾಯಿತು. ಸೇನೆಯಲ್ಲಿ ನನ್ನ ಕೆಲಸವೇ ಇದು, ಬಂದೂಕು ರಿಪೇರಿ ಮಾಡುವ ಆರ್ಮರರ್ ಆಗಿದ್ದೆ. ಎಸ್‌ಎಲ್‌ಆರ್ ಕಾಲದಲ್ಲಿ ಸೇರಿದೆ, ಇನ್ಸಾಸ್ ಕಾಲದಲ್ಲಿ ನಿವೃತ್ತನಾದೆ. ಆ ಹೆಸರುಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡು. ಮೊದಲು ಒಳಗೆ ಏನು ನಡೆಯುತ್ತದೆ ನೋಡೋಣ.

ಮದ್ದು ಉರಿದು ಆದ ಗ್ಯಾಸ್ ಗುಂಡನ್ನು ನಳಿಗೆಯಲ್ಲಿ ಮುಂದೆ ದಬ್ಬುತ್ತದೆ. ನಳಿಗೆಯ ದಾರಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಗುಂಡು ಆ ತೂತು ದಾಟಿದ ಮೇಲೆ ಸ್ವಲ್ಪ ಗ್ಯಾಸ್ ಅಲ್ಲಿ ನುಗ್ಗುತ್ತದೆ. ಗುಂಡು ನಳಿಗೆಯ ಬಾಯಿ ಬಿಟ್ಟ ತಕ್ಷಣ ಒತ್ತಡ ಬಿದ್ದು ಹೋಗುತ್ತದೆ. ಈ ಎರಡರ ನಡುವಿನ ಹೊತ್ತು ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಮ್ಮಿ. ಅಷ್ಟರಲ್ಲಿ ಸಿಕ್ಕ ಒಂದು ತಳ್ಳಿನಲ್ಲೇ ಎಲ್ಲ ಕೆಲಸ ಆಗಬೇಕು. ಬೋಲ್ಟ್‌ನ ಬೀಗ ಬಿಚ್ಚಬೇಕು, ಹೊಡೆದ ತೋಟಾದ ಖಾಲಿ ಕವಚ, ಅಂದರೆ ಖೋಕಾ, ಎಳೆದು ಆಚೆ ಎಸೆಯಬೇಕು, ಮುಂದಿನ ಏಟಿಗೆ ಹ್ಯಾಮರ್ ಏರಿಸಬೇಕು, ಹಿಂದಿನ ಸ್ಪ್ರಿಂಗ್ ಅದುಮಬೇಕು. ವಾಪಸ್ ಬರುವಾಗ ಆ ಸ್ಪ್ರಿಂಗೇ ಹೊಸ ತೋಟಾವನ್ನು ಒಳಗೆ ತಳ್ಳಿ ಮತ್ತೆ ಬೀಗ ಹಾಕುತ್ತದೆ.

ಬೋಲ್ಟ್ ಅಂದರೆ ಮನೆ ಬಾಗಿಲಿನ ಅಗುಳಿ ಇದ್ದ ಹಾಗೆ. ಒಳಗೆ ಒತ್ತಡ ಇರುವ ತನಕ ಅಗುಳಿ ಅಲುಗಬಾರದು. ಹಾಗಾಗಿ ಗ್ಯಾಸ್ ನೇರವಾಗಿ ಬೋಲ್ಟ್ ಬಿಚ್ಚುವುದಿಲ್ಲ. ಅದನ್ನು ಹೊತ್ತಿರುವ ಕ್ಯಾರಿಯರ್ ಮೊದಲು ಕೆಲವು ಮಿಲಿಮೀಟರ್ ಸುಮ್ನೆ ಹಿಂದೆ ಸರಿಯುತ್ತದೆ. ಆಮೇಲೆ ಬೋಲ್ಟ್‌ಗೆ ಕೈ ಹಾಕುತ್ತದೆ. ಎಸ್‌ಎಲ್‌ಆರ್‌ನಲ್ಲಿ ಬೋಲ್ಟ್ ಆಗಿರುವ ಬ್ರೀಚ್ ಬ್ಲಾಕಿನ ಬಾಲ ಮೇಲೆದ್ದು ಬೀಗ ಬಿಚ್ಚುತ್ತದೆ. ಇನ್ಸಾಸ್‌ನಲ್ಲಿ ಬೋಲ್ಟ್ ತಿರುಗುತ್ತದೆ. ಆ ಖಾಲಿ ಓಟವೇ ನಮ್ಮ ಕಣ್ಣು ಕೆನ್ನೆ ಕಾಯುವುದು.

ಈಗ ನಿನ್ನ ಪ್ರಶ್ನೆ. ಗೋಲಿ ಆಡಿದ್ದೀಯಲ್ಲ? ಕೈಗೋಲಿ ಹೋಗಿ ಇನ್ನೊಂದಕ್ಕೆ ಟಕ್ ಅಂತ ಹೊಡೆದು ಅಲ್ಲೇ ನಿಲ್ಲುತ್ತದೆ. ಹೊಡೆಸಿಕೊಂಡದ್ದು ದೂರ ಓಡುತ್ತದೆ. ಎಸ್‌ಎಲ್‌ಆರ್ ಪಿಸ್ಟನ್ ಹಾಗೆ. ಒಂದೇಟು ಕೊಟ್ಟು ನಿಂತು, ತನ್ನದೇ ಸ್ಪ್ರಿಂಗ್‌ನಿಂದ ವಾಪಸ್ ಮುಂದಕ್ಕೆ ಹೋಗುತ್ತದೆ. ಕ್ಯಾರಿಯರ್ ಒಬ್ಬಂಟಿಯಾಗಿ ಹಿಂದೆ ಓಡುತ್ತದೆ. ಇದು ಶಾರ್ಟ್ ಸ್ಟ್ರೋಕ್. ಇನ್ಸಾಸ್ ಪಿಸ್ಟನ್ ತಳ್ಳುಗಾಡಿಯ ಹಿಡಿ ಇದ್ದ ಹಾಗೆ. ಗಾಡಿ ಎಷ್ಟು ದೂರ ಹೋದರೂ ಹಿಡಿ ಜೊತೆಗೇ ಇರುತ್ತದೆ. ಇದು ಲಾಂಗ್ ಸ್ಟ್ರೋಕ್. ಎಕೆ-47 ಕೂಡ ಹೀಗೇ. ಇನ್ಸಾಸ್‌ನ ಬೋಲ್ಟು, ಪಿಸ್ಟನ್ನು ಎಕೆ ಕಡೆಯ ನೆಂಟರು. ಗ್ಯಾಸ್ ಹೆಚ್ಚು ಕಮ್ಮಿ ಮಾಡುವ ರೆಗ್ಯುಲೇಟರ್ ಮಾತ್ರ ಎಸ್‌ಎಲ್‌ಆರ್‌ನ ತವರಾದ ಬೆಲ್ಜಿಯಂನ ಫಾಲ್ ಬಂದೂಕಿನ ಕಡೆಯದು.

ನಿನಗೆ ಒಂದು ಲೆಕ್ಕ ಕೊಡುತ್ತೇನೆ. ಫೈರಿಂಗ್ ರೇಂಜಿನಲ್ಲಿ ಒಬ್ಬ ಹುಡುಗನ ಎಸ್‌ಎಲ್‌ಆರ್ ಸರಿಯಾಗಿ ಗುಂಡು ಹೊಡೆಯುತ್ತಿತ್ತು. ಗುಂಡು ಗುರಿಗೂ ಬೀಳುತ್ತಿತ್ತು. ಆದರೆ ಪ್ರತಿ ಸಲ ಕಾಕಿಂಗ್ ಹ್ಯಾಂಡಲ್ ಕೈಯಿಂದ ಎಳೆಯಬೇಕು. ಖೋಕಾ ತಾನಾಗಿ ಬರುತ್ತಲೇ ಇರಲಿಲ್ಲ. ಒಳಗೆ ಒಂದು ಭಾಗವೂ ಮುರಿದಿರಲಿಲ್ಲ, ಕೊಳೆಯೂ ಇರಲಿಲ್ಲ. ಏನಾಗಿತ್ತು? ಯೋಚನೆ ಮಾಡಿ ಹೇಳು.

ಕೊಡಗಿನ ಕೋವಿ

ಸಾಹೇಬ್ರೇ, ಚೆನ್ನಾಗಿ ಹೇಳಿದಿರಿ. ನಮ್ಮ ಮನೆಯಲ್ಲಿ ಇರುವುದು ಜೋಡು ನಳಿಗೆಯ ಮುರಿಯುವ ಕೋವಿ. ಕೈಲ್‌ ಪೊಳ್ದ್ ಹಬ್ಬಕ್ಕೆ ಹೂ ಇಟ್ಟು ಪೂಜೆ ಮಾಡುವಾಗ ಎಣ್ಣೆ ಹಾಕಿ ಒರೆಸಿದರೆ ಮುಗಿಯಿತು. ಅದರಲ್ಲಿ ಗ್ಯಾಸಿನ ಗೊಡವೆ ಇಲ್ಲ.

ನನ್ನ ಅನುಮಾನ ಬೇರೆ. ದಾರಿಯಲ್ಲೇ ಗ್ಯಾಸ್ ಕದ್ದರೆ ಗುಂಡಿನ ಜೋರು ಕಮ್ಮಿ ಆಗಲ್ವಾ? ಹಾಗಿದ್ದರೆ ಕೈಯಿಂದ ಎಳೆಯುವ ಬಂದೂಕೇ ಜೋರಲ್ವಾ?

ಪೀಣ್ಯ ಲೇತ್

ಆಗುತ್ತೆ ಸರ್, ಆದರೆ ಲೆಕ್ಕಕ್ಕೆ ಬರುವಷ್ಟಲ್ಲ. ನಳಿಗೆಯ ಅಗಲದ ಮುಂದೆ ಆ ತೂತು ತುಂಬಾ ಚಿಕ್ಕದು. ಅದು ತೆರೆದುಕೊಳ್ಳುವ ಹೊತ್ತಿಗೆ ಗುಂಡು ತನ್ನ ವೇಗದ ಬಹುಪಾಲು ಪಡೆದಾಗಿರುತ್ತದೆ. ಒಂದೇ ಡಬ್ಬಿಯ ಎರಡು ತೋಟಾಗಳ ನಡುವೆ ಇರುವ ವ್ಯತ್ಯಾಸದಲ್ಲೇ ಅದು ಮುಚ್ಚಿ ಹೋಗುತ್ತದೆ.

ನಾನು ಬಂದೂಕು ಮುಟ್ಟಿದವನಲ್ಲ. ವಾಲ್ವು, ಸಿಲಿಂಡರ್ ಕಡೆಯುವುದು ನನ್ನ ಹೊಟ್ಟೆಪಾಡು. ಆ ಕಡೆಯಿಂದ ನೋಡಿದರೆ ನನಗೆ ಕಾಣುವುದು ತೂಕದ ಮಾತು. ಲಾಂಗ್ ಸ್ಟ್ರೋಕಿನಲ್ಲಿ ಪಿಸ್ಟನ್, ಕ್ಯಾರಿಯರ್ ಎಲ್ಲ ಒಂದೇ ಗಟ್ಟಿಯಾಗಿ ಓಡುತ್ತದೆ. ತೂಕ ಜಾಸ್ತಿ ಇರುವುದರಿಂದ ಓಡುವ ಜೋರು ಉಳಿಯುತ್ತದೆ. ಮಧ್ಯದಲ್ಲಿ ಮಣ್ಣು, ಮಸಿ ಅಡ್ಡ ಬಂದರೂ ನುಗ್ಗಿಕೊಂಡು ಹೋಗುತ್ತದೆ. ಆದರೆ ಅಷ್ಟೂ ತೂಕ ಹಿಂದೆ ಹೋಗಿ ಬಡಿದು, ಮತ್ತೆ ಮುಂದೆ ಬಂದು ಬಡಿಯುತ್ತದೆ. ಅದೂ ನಳಿಗೆಯ ನೇರಕ್ಕಲ್ಲ, ಮೇಲ್ಗಡೆ. ಹಿಡಿದವನ ಕೈಯಲ್ಲಿ ಬಂದೂಕು ಅಲುಗಾಡುತ್ತದೆ. ಶಾರ್ಟ್ ಸ್ಟ್ರೋಕಿನಲ್ಲಿ ಓಡುವ ತೂಕ ಕಮ್ಮಿ, ಆದರೆ ಬಿಡಿಭಾಗ ಜಾಸ್ತಿ. ಒಂದು ಪಿಸ್ಟನ್, ಅದಕ್ಕೊಂದು ಸ್ಪ್ರಿಂಗ್, ಒಂದೊಂದು ಬಂದೂಕಿನಲ್ಲಿ ಮಧ್ಯೆ ಇನ್ನೊಂದು ಕಡ್ಡಿ.

ಹಾಸನದ ಆರ್ಮರರ್

ಪೀಣ್ಯದವರು ತೂಕದ ಮಾತು ಹೇಳಿದ್ದು ನೂರಕ್ಕೆ ನೂರು ನಿಜ. ಒಂದು ಉದಾಹರಣೆ ನಮ್ಮ ಸೇನೆಯಲ್ಲೇ ಇದೆ. ಡ್ರಾಗುನೋವ್, ಅಂದರೆ ಎಸ್‌ವಿಡಿ. ರಷ್ಯಾದವರು 1963ರಲ್ಲಿ ತಮ್ಮ ಸೇನೆಗೆ ತಗೊಂಡ ಸ್ನೈಪರ್ ಬಂದೂಕು. ದೂರದಿಂದ ನೋಡಿದವರು ಎಕೆಯನ್ನೇ ಉದ್ದ ಎಳೆದಿದ್ದಾರೆ ಅಂದುಕೊಳ್ಳುತ್ತಾರೆ. ಬಿಚ್ಚಿದರೆ ಬೇರೆಯೇ ಮಾತು. ಅದರ ಪಿಸ್ಟನ್ ಕ್ಯಾರಿಯರ್‌ಗೆ ಅಂಟಿಲ್ಲ. ಬಿಡಿ ಪಿಸ್ಟನ್, ಅದರ ಹಿಂದೆ ಬಿಡಿ ಕಡ್ಡಿ, ಅದಕ್ಕೊಂದು ಸ್ಪ್ರಿಂಗ್. ಗುರಿ ನಿಖರವಾಗಿರಬೇಕಾದ ಬಂದೂಕಿನಲ್ಲಿ ಎಕೆಯ ಆ ಭಾರದ ಸವಾರಿ ಬೇಡ ಅಂತ ಬಿಟ್ಟಿದ್ದಾರೆ.

ಅದರ ಗ್ಯಾಸ್ ರೆಗ್ಯುಲೇಟರ್‌ಗೆ ಎರಡು ಸ್ಥಾನ. ತಿರುಗಿಸಲು ಬೇರೆ ಸ್ಪ್ಯಾನರ್ ಬೇಡ. ಖಾಲಿ ಖೋಕಾದ ಅಂಚನ್ನು ಅದರ ಸೀಳಿಗೆ ಸಿಕ್ಕಿಸಿ ತಿರುಗಿಸಿದರೆ ಸಾಕು. ಜವಾನನ ಕಾಲ ಬುಡದಲ್ಲಿ ಯಾವಾಗಲೂ ಬಿದ್ದಿರುವ ವಸ್ತುವೇ ಅದರ ಪಾನಾ. ಮೊದಲ ಸಲ ನೋಡಿದಾಗ ಇದನ್ನು ಯೋಚಿಸಿದವನಿಗೆ ಕೈ ಮುಗಿಯಬೇಕು ಅನ್ನಿಸಿತ್ತು ನನಗೆ.

ಇತಿಹಾಸದ ಮೇಡಂ

ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಎರಡನೇ ಮಹಾಯುದ್ಧ ನನ್ನ ಇಷ್ಟದ ವಿಷಯ. ಈ ಮೂರು ದಾರಿಯ ಜೊತೆಗೆ ನಾಲ್ಕನೆಯದೊಂದೂ ಇತ್ತು. ಅದನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ.

1889ರಲ್ಲಿ ಅಮೆರಿಕದ ಜಾನ್ ಬ್ರೌನಿಂಗ್ ಒಂದು ವಿಷಯ ಗಮನಿಸಿದರಂತೆ. ಗುಂಡು ಹೊಡೆದಾಗ ನಳಿಗೆಯ ಬಾಯಿಯ ಮುಂದಿದ್ದ ಗಿಡಗಂಟಿ ಆ ಗಾಳಿಗೆ ಬಾಗುತ್ತಿತ್ತು. ಸುಮ್ಮನೆ ಪೋಲಾಗುವ ಈ ಶಕ್ತಿಯನ್ನು ಬಳಸಬಾರದೇಕೆ ಅಂತ ಹೊರಟರು. ಅದರಿಂದ ಕೋಲ್ಟ್ 1895 ಮಾದರಿಯ ಮಷಿನ್ ಗನ್ ಬಂತು. ಡೆನ್ಮಾರ್ಕಿನ ಬ್ಯಾಂಗ್ ಎಂಬುವರು ನಳಿಗೆಯ ಬಾಯಿಗೆ ಒಂದು ಟೊಪ್ಪಿ ಹಾಕಿದರು. ಗುಂಡು ಆಚೆ ಹೋದ ಮೇಲೆ ಉಳಿದ ಗ್ಯಾಸ್ ಆ ಟೊಪ್ಪಿಯಲ್ಲಿ ಸಿಕ್ಕಿಬಿದ್ದು ಯಂತ್ರ ಓಡಿಸಬೇಕು. ಇದರ ಆಸೆ ಏನೆಂದರೆ, ನಳಿಗೆಗೆ ತೂತು ಕೊರೆಯುವುದೇ ಬೇಡ!

ಅಮೆರಿಕದ ಎಂ1 ಗ್ಯಾರಂಡ್ 1936ರಲ್ಲಿ ಸೇನೆಗೆ ಸೇರಿದಾಗ ಹೀಗೇ ಇತ್ತು. ಕೆನಡಾದಲ್ಲಿ ಹುಟ್ಟಿದ ಜಾನ್ ಗ್ಯಾರಂಡ್ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕೂತು ಮಾಡಿದ ಬಂದೂಕು ಅದು. ಮುಂದಿನ ಟೊಪ್ಪಿಯಲ್ಲಿ ಮಸಿ ಕಟ್ಟುತ್ತಿತ್ತು, ಒರೆಸುವುದು ಕಷ್ಟ, ಭಾಗ ಸಡಿಲವಾಗುತ್ತಿತ್ತು. ಕೆಲವೇ ವರ್ಷದಲ್ಲಿ ಅದನ್ನು ಬಿಟ್ಟು ಬಾಯಿಯ ಹತ್ತಿರವೇ ಒಂದು ತೂತು ಕೊರೆದು ಲಾಂಗ್ ಸ್ಟ್ರೋಕ್ ಪಿಸ್ಟನ್ ಇಟ್ಟರು. ಯುದ್ಧಕ್ಕೆ ಹೋದದ್ದು ಬಹುಪಾಲು ಈ ತೂತಿನ ಬಂದೂಕು. ಆಗಿನ ತೋಟಾಗಳ ಉಳಿಕೆ ತುಕ್ಕು ಹಿಡಿಸುತ್ತಿತ್ತು. ಅದಕ್ಕೇ ಗ್ಯಾಸ್ ಸಿಲಿಂಡರ್ ಒಂದನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿದ್ದರು.

ಜರ್ಮನಿಯವರೂ ಅದೇ ಹಳ್ಳಕ್ಕೆ ಬಿದ್ದರು. ನಳಿಗೆಗೆ ತೂತು ಬೇಡ ಅನ್ನುವ ಷರತ್ತು ಅವರ ಸೇನೆಯದೇ. ಗೆವೇರ್ 41 ಬಂದೂಕು ಟೊಪ್ಪಿಯದು. ಮೂತಿ ಭಾರ, ಮಸಿ ಜಾಸ್ತಿ. ಆಮೇಲೆ ರಷ್ಯಾದ ಮುಂಚೂಣಿಯಲ್ಲಿ ಟೊಕರೆವ್ ಎಸ್‌ವಿಟಿ-40 ಕೈಗೆ ಸಿಕ್ಕಿತು. ನಳಿಗೆಯ ಮೇಲೆ ತೂತು, ಶಾರ್ಟ್ ಸ್ಟ್ರೋಕ್ ಪಿಸ್ಟನ್. ಅದೇ ಏರ್ಪಾಟನ್ನು ತಗೊಂಡು ಗೆವೇರ್ 43 ಮಾಡಿದರು. ಶತ್ರುವಿನ ಬಂದೂಕಿನಿಂದ ಪಾಠ ಕಲಿತರು ಅಂತ ನಾನು ತರಗತಿಯಲ್ಲಿ ಇದನ್ನು ಬೋರ್ಡ್ ಮೇಲೆ ಚಿತ್ರ ಬರೆದೇ ಹೇಳುತ್ತೇನೆ.

ಧಾರವಾಡ ಕೆಡೆಟ್

ಮೇಡಂ, ಇದು ಎಲ್ಲೂ ಓದಿರಲಿಲ್ಲ. ಥ್ಯಾಂಕ್ಯೂ. ಸಾಹೇಬರ ಲೆಕ್ಕಕ್ಕೆ ನನ್ನ ಉತ್ತರ: ಪಿಸ್ಟನ್ ಸ್ಪ್ರಿಂಗ್ ಹಾಕಲು ಮರೆತಿದ್ದನಾ?

ಇನ್ನೊಂದು ಪ್ರಶ್ನೆ. ಅಮೆರಿಕದ ಸೇನೆಯ ಎಂ16 ಬಂದೂಕಿನಲ್ಲಿ ಪಿಸ್ಟನ್ನೇ ಇಲ್ಲ ಅಂತಾರೆ. ಗ್ಯಾಸ್ ಹೇಗೆ ತಳ್ಳುತ್ತೆ ಮತ್ತೆ?

ಹಾಸನದ ಆರ್ಮರರ್

ಸ್ಪ್ರಿಂಗ್ ಇತ್ತು ತಮ್ಮಾ. ಇನ್ನೊಂದು ಸಲ ಯೋಚಿಸು. ಎಂ16 ಬಗ್ಗೆ ಅದನ್ನು ಹಿಡಿದವರು ಹೇಳಲಿ.

ಟೆಕ್ಸಾಸ್ ಕನ್ನಡಿಗ

ನಾನು ಹೇಳ್ತೀನಿ. ಊರು ಶಿವಮೊಗ್ಗ, ಈಗ ಇರುವುದು ಟೆಕ್ಸಾಸ್. ಇಲ್ಲಿ ಶನಿವಾರ ರೇಂಜಿಗೆ ಹೋಗುವ ಅಭ್ಯಾಸ. ನನ್ನ ಹತ್ತಿರ ಇರುವುದು ಎಆರ್-15, ಅಂದರೆ ಎಂ16ರ ಅರೆಸ್ವಯಂಚಾಲಿತ ತಮ್ಮ. ಒಂದು ಸಲಕ್ಕೆ ಒಂದೇ ಗುಂಡು.

ನಳಿಗೆಯ ತೂತಿನಿಂದ ಒಂದು ಸಪೂರ ಸ್ಟೀಲ್ ಕೊಳವೆ ಹಿಂದಕ್ಕೆ ಬರುತ್ತದೆ, ಪೆನ್ನಿನ ರೀಫಿಲ್‌ಗಿಂತ ಸ್ವಲ್ಪ ದಪ್ಪ. ಅದರ ತುದಿ ಕ್ಯಾರಿಯರ್‌ನ ನೆತ್ತಿಯ ಮೇಲಿರುವ ಗ್ಯಾಸ್ ಕೀ ಎಂಬ ಸಣ್ಣ ಕೊಳವೆಯೊಳಗೆ ಕೂರುತ್ತದೆ. ಬಿಸಿ ಗ್ಯಾಸ್ ನೇರ ಕ್ಯಾರಿಯರ್ ಒಳಗೇ ಬರುತ್ತದೆ.

ಇಲ್ಲಿ ಎಲ್ಲರೂ ತಪ್ಪು ತಿಳಿಯುವ ಜಾಗ ಇದೆ. ಗ್ಯಾಸ್ ಬಂದು ಕ್ಯಾರಿಯರ್ ಮುಖಕ್ಕೆ ಊದುತ್ತದೆ, ಪಿಸ್ಟನ್ ಇಲ್ಲ ಅನ್ನುತ್ತಾರೆ. ಹಾಗಲ್ಲ. ಬೋಲ್ಟ್‌ನ ಬಾಲ ಕ್ಯಾರಿಯರ್‌ನ ಹೊಟ್ಟೆಯೊಳಗೆ ಇರುತ್ತದೆ. ಅದಕ್ಕೆ ಮೂರು ಸಣ್ಣ ಗ್ಯಾಸ್ ರಿಂಗ್. ಗ್ಯಾಸ್ ಆ ಹೊಟ್ಟೆಯಲ್ಲಿ ತುಂಬಿ ಕ್ಯಾರಿಯರನ್ನು ಹಿಂದೆ, ಬೋಲ್ಟನ್ನು ಮುಂದೆ ಒತ್ತುತ್ತದೆ. ಕ್ಯಾರಿಯರ್ ಹಿಂದೆ ಸರಿದಂತೆ ಬೋಲ್ಟ್ ತಿರುಗಿ ಬಿಚ್ಚಿಕೊಳ್ಳುತ್ತದೆ. ಕೆಲಸ ಮುಗಿದ ಗ್ಯಾಸ್ ಬಲಪಕ್ಕದ ಎರಡು ತೂತಿನಿಂದ ಆಚೆ ಹೋಗುತ್ತದೆ. ಅಂದರೆ ಬೋಲ್ಟೇ ಪಿಸ್ಟನ್, ಕ್ಯಾರಿಯರೇ ಸಿಲಿಂಡರ್. ಇದನ್ನು ರೂಪಿಸಿದ ಯೂಜೀನ್ ಸ್ಟೋನರ್ ತಮ್ಮ ಪೇಟೆಂಟಿನಲ್ಲೇ ಇದು ಗ್ಯಾಸ್ ಬಂದು ಬಡಿಯುವ ಹಳೆಯ ರೀತಿಯದಲ್ಲ, ಹಿಗ್ಗುವ ಗ್ಯಾಸಿನದು ಅಂತ ಬರೆದಿದ್ದಾರೆ. 1960ರಲ್ಲಿ ಸಿಕ್ಕ ಪೇಟೆಂಟ್. ಅವರ ಮಾತನ್ನೇ ಬಿಟ್ಟು ಜನ ಈಗಲೂ ಡೈರೆಕ್ಟ್ ಇಂಪಿಂಜ್‌ಮೆಂಟ್ ಅಂತಲೇ ಕರೆಯುತ್ತಾರೆ.

ಪೀಣ್ಯ ಲೇತ್

ಮೂರು ರಿಂಗ್ ಅಂದಿರಲ್ಲ, ಅಲ್ಲಿ ನನಗೆ ಪೂರ್ತಿ ಅರ್ಥವಾಯಿತು. ಬೈಕಿನ ಪಿಸ್ಟನ್ನಿಗೆ ಹಾಕುವ ರಿಂಗೇ ಇದು, ಅಳತೆ ಚಿಕ್ಕದು. ಎಲ್ಲ ಒಂದೇ ನೇರದಲ್ಲಿ ಇರುವುದು ದೊಡ್ಡ ಲಾಭ. ತಳ್ಳುವ ಶಕ್ತಿ, ಓಡುವ ತೂಕ, ಹಿಂದಿನ ಸ್ಪ್ರಿಂಗ್, ಭುಜ, ಎಲ್ಲ ಒಂದು ಗೆರೆ. ಅದಕ್ಕೇ ಬಂದೂಕಿನ ಮೂತಿ ಮೇಲೆ ಹಾರುವುದು ಕಮ್ಮಿ. ಮೇಲೆ ಪಿಸ್ಟನ್ನಿನ ತೂಕವೂ ಇಲ್ಲ.

ಆದರೆ ಬಿಸಿ, ಮಸಿ ಎರಡೂ ಬೋಲ್ಟ್ ಇರುವ ಜಾಗಕ್ಕೇ ಬರುತ್ತದಲ್ಲ? ಎಣ್ಣೆ ಒಣಗುವುದಿಲ್ವಾ?

ಟೆಕ್ಸಾಸ್ ಕನ್ನಡಿಗ

ಒಣಗುತ್ತೆ ಅಣ್ಣ. ಇನ್ನೂರು ಗುಂಡಿನ ನಂತರ ಬೋಲ್ಟ್ ಆಚೆ ತೆಗೆದರೆ ಬಾಲದ ಹತ್ತಿರ ಒಂದು ಕರಿ ಪದರ ಕಟ್ಟಿರುತ್ತದೆ. ಅಡುಗೆ ಮನೆಯ ಬಾಣಲೆ ತಳದ ಮಸಿಯ ಹಾಗೆ ಗಟ್ಟಿ. ಉಗುರಿಗೆ ಬರುವುದಿಲ್ಲ, ಎಣ್ಣೆ ಹಚ್ಚಿ ಬಿಟ್ಟು ಆಮೇಲೆ ಕೆರೆಯಬೇಕು. ಆದರೆ ಎಣ್ಣೆ ಇರುವ ತನಕ ಬಂದೂಕು ಓಡುತ್ತದೆ. ನಾನು ನೋಡಿದ ಮಟ್ಟಿಗೆ ಎಆರ್ ನಿಲ್ಲುವುದು ಮಸಿಯಿಂದಲ್ಲ, ಎಣ್ಣೆ ಒಣಗಿದ್ದರಿಂದ.

ಇತಿಹಾಸದ ಮೇಡಂ

ನಿಜವಾದ ಡೈರೆಕ್ಟ್ ಇಂಪಿಂಜ್‌ಮೆಂಟ್ ಬೇಕಾದರೆ ಸ್ವೀಡನ್ನಿಗೆ ಹೋಗಬೇಕು. 1942ರ ಲ್ಯುಂಗ್‌ಮನ್ ಬಂದೂಕಿನಲ್ಲಿ ಕೊಳವೆ ಬಂದು ಕ್ಯಾರಿಯರ್ ಮುಖಕ್ಕೆ ಸುಮ್ನೆ ಊದುತ್ತದೆ. ರಿಂಗ್ ಇಲ್ಲ, ಸಿಲಿಂಡರ್ ಇಲ್ಲ. ಗ್ಯಾಸ್ ಹೆಚ್ಚು ಕಮ್ಮಿ ಮಾಡುವ ರೆಗ್ಯುಲೇಟರೂ ಇಲ್ಲ. ಮುಂದೆ ಅದರ ಯಂತ್ರಗಳನ್ನು ಈಜಿಪ್ಟ್ ಕೊಂಡುಕೊಂಡು ಹಕೀಮ್ ಅನ್ನುವ ಬಂದೂಕು ಮಾಡಿತು. ಅದಕ್ಕೆ ರೆಗ್ಯುಲೇಟರ್ ಸೇರಿಸಿದರು. ಫ್ರಾನ್ಸಿನ ಮಾಸ್-49 ಕೂಡ ಇದೇ ದಾರಿಯದು. ಮರಳುಗಾಡಿನಲ್ಲೂ ಕಾಡಿನಲ್ಲೂ ಫ್ರೆಂಚರು ಅದನ್ನು ನಂಬಿದರು. ಹಾಗಾಗಿ ಕೊಳವೆಯ ಬಂದೂಕು ಅಂದ ತಕ್ಷಣ ಅದು ಕೆಡುವ ಬಂದೂಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಕೊಡಗಿನ ಕೋವಿ

ಆದರೆ ವಿಯೆಟ್ನಾಮಿನಲ್ಲಿ ಎಂ16 ಕೈಕೊಟ್ಟು ಸೈನಿಕರು ಸತ್ತರು ಅಂತ ಕೇಳಿದ್ದೇನಲ್ಲ?

ಹಾಸನದ ಆರ್ಮರರ್

ಕೈಕೊಟ್ಟದ್ದು ನಿಜ. ಅಲ್ಲಿ ಸತ್ತ ಹುಡುಗರ ಪಕ್ಕ ಬಂದೂಕು ಬಿಚ್ಚಿದ ಸ್ಥಿತಿಯಲ್ಲಿ ಸಿಕ್ಕಿದೆ. ಆರ್ಮರರ್ ಆದವನಿಗೆ ಇದನ್ನು ಓದುವುದೇ ಸಂಕಟ. ಆದರೆ ಕಾರಣ ಸರಿಯಾಗಿ ತಿಳಿಯಬೇಕು, ಇಲ್ಲದಿದ್ದರೆ ಅವರಿಗೆ ನ್ಯಾಯ ಸಿಗುವುದಿಲ್ಲ.

ಬಂದೂಕನ್ನು ಒಂದು ಬಗೆಯ ಮದ್ದಿಗೆ ಲೆಕ್ಕ ಹಾಕಿ ಮಾಡಿದ್ದರು. ಸೇನೆಗೆ ಕೊಡುವಾಗ ಮದ್ದು ಬದಲಾಯಿತು. ಕಡ್ಡಿ ಕಡ್ಡಿ ಮದ್ದಿನ ಬದಲು ಬಾಲ್ ಪೌಡರ್ ಬಂತು. ಹೊಸ ಮದ್ದಿನಲ್ಲಿ ತೂತಿನ ಹತ್ತಿರ ಒತ್ತಡ ಜಾಸ್ತಿ. ಬೋಲ್ಟ್ ವೇಗ ಏರಿತು. ಮದ್ದಿಗೆ ಸೇರಿಸಿದ ಸುಣ್ಣದಂಶ ಕೊಳವೆಯಲ್ಲಿ ಕಟ್ಟಿತು. ತೋಟಾ ಕೂರುವ ಚೇಂಬರಿಗೆ ಕ್ರೋಮ್ ಲೇಪ ಇರಲಿಲ್ಲ, ಆ ತೇವದಲ್ಲಿ ತುಕ್ಕು ಹಿಡಿಯಿತು. ಖೋಕಾ ಒಳಗೇ ಕಚ್ಚಿಕೊಂಡಿತು. ಇಷ್ಟರ ಮೇಲೆ ಈ ಬಂದೂಕಿಗೆ ಒರೆಸುವ ಕೆಲಸ ಕಮ್ಮಿ ಅಂತ ನಂಬಿಸಿದ್ದರು, ಒರೆಸುವ ಸಾಮಾನೂ ಸಾಲುವಷ್ಟು ಕೊಟ್ಟಿರಲಿಲ್ಲ. 1967ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಇದನ್ನೆಲ್ಲ ಬಯಲಿಗೆ ತಂದಿತು. ಆಮೇಲೆ ಕ್ರೋಮ್ ಹಾಕಿದರು, ಕ್ಲೀನಿಂಗ್ ಕಿಟ್ ಕೊಟ್ಟರು, ಹಿಂದೆ ಬರುವ ಬೋಲ್ಟಿನ ಏಟು ತಡೆಯುವ ಬಫರ್ ಬದಲಿಸಿದರು. ಅದೇ ಕೊಳವೆಯ ವ್ಯವಸ್ಥೆ ಇವತ್ತಿಗೂ ನಡೆಯುತ್ತಿದೆ.

ತೂತಿನಲ್ಲಿ ಎಷ್ಟು ಗ್ಯಾಸ್, ಎಷ್ಟು ಹೊತ್ತು ಅನ್ನುವ ಲೆಕ್ಕ ತಪ್ಪಿದರೆ ಯಾವ ಪಿಸ್ಟನ್ನೂ ಉಳಿಸುವುದಿಲ್ಲ. ಅದೇ ಗ್ಯಾರಂಡ್ ನೋಡಿ. ನಿಧಾನ ಉರಿಯುವ ಮದ್ದಿನ ತೋಟಾ ಹಾಕಿದರೆ ತೂತಿನ ಹತ್ತಿರ ಒತ್ತಡ ಜಾಸ್ತಿಯಾಗಿ ಪಿಸ್ಟನ್ನಿನ ತಳ್ಳನ್ನು ಬೋಲ್ಟಿಗೆ ಮುಟ್ಟಿಸುವ ಅದರ ಉದ್ದನೆಯ ಆಪರೇಟಿಂಗ್ ರಾಡ್ ಬಾಗುತ್ತದೆ. ಅದು ಪಿಸ್ಟನ್ ಬಂದೂಕೇ ಅಲ್ವಾ?

ಪೀಣ್ಯ ಲೇತ್

ಒಪ್ಪುತ್ತೇನೆ ಸಾಹೇಬ್ರೇ, ಆದರೂ ಒಂದು ಮಾತು. 2007ರ ಕೊನೆಗೆ ಅಮೆರಿಕದ ಸೇನೆಯೇ ಧೂಳಿನ ಪರೀಕ್ಷೆ ಮಾಡಿತ್ತು. ನಾಲ್ಕು ಬಗೆಯ ಬಂದೂಕು, ಪ್ರತಿಯೊಂದಕ್ಕೂ 60,000 ಗುಂಡು. ಕೊಳವೆಯ ಎಂ4 ನಡುವೆ ಕೈಕೊಟ್ಟು ನಿಂತದ್ದು 882 ಸಲ. ಪಿಸ್ಟನ್ನಿನ ಎಚ್‌ಕೆ416 ನಿಂತದ್ದು 233, ಸ್ಕಾರ್ 226, ಎಕ್ಸ್‌ಎಂ8 ಬರೀ 127. ಇಷ್ಟು ದೊಡ್ಡ ಅಂತರವನ್ನು ಎಣ್ಣೆಯ ಮೇಲೆ ಹಾಕಿ ಸುಮ್ಮನಾಗಲು ಬರುತ್ತಾ?

ಟೆಕ್ಸಾಸ್ ಕನ್ನಡಿಗ

ಅಣ್ಣ, ಅದೇ ವರ್ಷ ಬೇಸಿಗೆಯಲ್ಲಿ ಮಾಡಿದ ಧೂಳಿನ ಪರೀಕ್ಷೆಯಲ್ಲಿ ಎಂ4 ನಿಂತದ್ದು 307 ಸಲ. ಅದೇ ಮಾದರಿ, ಅದೇ ಸೇನೆ. 307 ಹೋಗಿ 882 ಆದರೆ ಬಂದೂಕಿನ ಆಚೆಯೂ ಏನೋ ಬದಲಾಗಿದೆ ಅಲ್ವಾ? ಆ 882ರಲ್ಲಿ 239 ಮ್ಯಾಗಜಿನ್ ತಪ್ಪಿನವು.

ಆದರೂ ಅಂಕಿಯನ್ನು ನಾನು ತಳ್ಳಿ ಹಾಕುವುದಿಲ್ಲ. ಎಂ4 ಅಂದರೆ ಎಂ16ರ ಮೋಟು ರೂಪ. ಎಂ16ನಲ್ಲಿ ನಳಿಗೆ 20 ಇಂಚು, ತೂತು ಅದರಲ್ಲಿ ಬಹಳ ಮುಂದಿದೆ. ಎಂ4ನಲ್ಲಿ ನಳಿಗೆ 14.5 ಇಂಚು, ತೂತು ಚೇಂಬರಿಗೆ ತೀರಾ ಹತ್ತಿರ ಬಂತು. ಅಲ್ಲಿ ಗ್ಯಾಸ್ ಇನ್ನೂ ಬಿಸಿ, ಒತ್ತಡ ಬಹಳ ಜಾಸ್ತಿ. ಬೋಲ್ಟ್ ಬೇಗ ಬಿಚ್ಚುತ್ತದೆ, ಖೋಕಾ ಇನ್ನೂ ಚೇಂಬರಿಗೆ ಅಂಟಿರುವಾಗಲೇ ಎಳೆಯುತ್ತದೆ. ಸ್ಟೋನರ್ ಹಾಕಿದ ಲೆಕ್ಕ ಉದ್ದ ನಳಿಗೆಯದು. ನನ್ನ ಬಂದೂಕಿನಲ್ಲಿ ತೂತು ಎರಡಕ್ಕೂ ನಡುವೆ ಇದೆ, ಮಿಡ್ ಲೆಂಗ್ತ್ ಅಂತಾರೆ. ಸ್ನೇಹಿತನ ಮೋಟು ಬಂದೂಕು ಪಕ್ಕದಲ್ಲಿ ಹೊಡೆದು ನೋಡಿದ್ದೇನೆ. ಅದೇ ತೋಟಾ. ಅವನದು ಭುಜಕ್ಕೆ ಚುರುಕಾಗಿ ಕುಟ್ಟುತ್ತದೆ. ನನ್ನದು ಮೆತ್ತಗೆ ತಳ್ಳುತ್ತದೆ. ಬೋಲ್ಟು, ಕ್ಯಾರಿಯರ್ ಎರಡರಲ್ಲೂ ಒಂದೇ, ತೂತಿನ ಜಾಗ ಬೇರೆ.

ಪೀಣ್ಯ ಲೇತ್

ಬೇಸಿಗೆಯ 307 ನನಗೆ ಗೊತ್ತಿರಲಿಲ್ಲ. ಹಾಗಿದ್ದರೆ ಆ ಒಂದು ಪರೀಕ್ಷೆಯ ಮೇಲೆ ನಾನು ಅಷ್ಟು ಭಾರ ಹಾಕಬಾರದಿತ್ತು.

ಎಆರ್‌ಗೆ ಪಿಸ್ಟನ್ ಕೂರಿಸಿದ ಬಂದೂಕುಗಳ ಚಿತ್ರ ನೋಡುತ್ತಿದ್ದೆ. ಅಲ್ಲೂ ಒಂದು ತೊಡಕು ಕಾಣುತ್ತಿದೆ. ಒಂದೇ ಗೆರೆಯಲ್ಲಿ ತಳ್ಳಿಸಿಕೊಳ್ಳಲು ಮಾಡಿದ ಕ್ಯಾರಿಯರ್‌ಗೆ ಈಗ ನೆತ್ತಿಯ ಮೇಲೆ ಏಟು ಬೀಳುತ್ತದೆ. ಹಿಂಭಾಗ ಕೆಳಗೆ ಬಾಗಿ, ಹಿಂದಿನ ಟ್ಯೂಬಿನ ಅಂಚನ್ನು ಕೆರೆಯುತ್ತದೆ. ಲೇತಿನಲ್ಲಿ ಸೆಂಟರ್ ತಪ್ಪಿದ ಜಾಬ್ ಹೇಗೆ ಟೂಲ್ ತಿನ್ನುತ್ತದೋ ಹಾಗೇ. ಮಾಡಿದವರು ಕ್ಯಾರಿಯರ್ ಹಿಂಭಾಗದ ಆಕಾರ ಬದಲಿಸಿ ಸರಿಮಾಡಿದ್ದಾರೆ ಅನ್ನಿ. ಒಂದು ಕಡೆಯ ಮಸಿ ತಪ್ಪಿಸಲು ಹೋದರೆ ಇನ್ನೊಂದು ಕಡೆ ಸವೆತ.

ಧಾರವಾಡ ಕೆಡೆಟ್

ಎಲ್ಲ ಸೆಮಿ ಆಟೋಮ್ಯಾಟಿಕ್ ಬಂದೂಕಿಗೂ ಗ್ಯಾಸ್ ತೂತು ಇರಲೇಬೇಕಾ? ಜರ್ಮನಿಯ ಜಿ3ಯಲ್ಲಿ ಇಲ್ಲ ಅಂತ ಒಬ್ಬ ಸ್ನೇಹಿತ ಹೇಳಿದ.

ಇತಿಹಾಸದ ಮೇಡಂ

ಸ್ನೇಹಿತ ಹೇಳಿದ್ದು ಸರಿ. ಅದರಲ್ಲಿ ತೂತೂ ಇಲ್ಲ, ಪಿಸ್ಟನ್ನೂ ಇಲ್ಲ. ಖೋಕಾ ಹಿಂದಕ್ಕೆ ಒತ್ತುವ ಶಕ್ತಿಯೇ ಬೋಲ್ಟ್ ತಳ್ಳುತ್ತದೆ. ಎರಡು ಉರುಳೆಗಳು ಅದನ್ನು ತಡೆದು ನಿಧಾನ ಮಾಡುತ್ತವೆ. ಅದು ಬೇರೆಯೇ ಮನೆತನ, ಇನ್ನೊಂದು ದಿನ ಮಾತಾಡೋಣ.

ಹಾಸನದ ಆರ್ಮರರ್

ಎಸ್‌ಎಲ್‌ಆರ್‌ನ ರೆಗ್ಯುಲೇಟರ್ ಬಗ್ಗೆ ಹೇಳದೆ ಇದು ಮುಗಿಯುವುದಿಲ್ಲ. ಎಕೆಯಲ್ಲಿ ರೆಗ್ಯುಲೇಟರ್ ಇಲ್ಲ. ಮಾಡುವಾಗಲೇ ಬೇಕಾದ್ದಕ್ಕಿಂತ ಜಾಸ್ತಿ ಗ್ಯಾಸ್ ಕೊಟ್ಟು ಬಿಟ್ಟಿದ್ದಾರೆ. ಚಳಿ, ಕೆಸರು, ಮಸಿ ಏನೇ ಬಂದರೂ ಓಡಲಿ ಅಂತ. ಅದರ ಬೆಲೆ ಭುಜ ಕೊಡುತ್ತದೆ, ಗುರಿ ಕೊಡುತ್ತದೆ.

ಫಾಲ್ ಮಾಡಿದ ಬೆಲ್ಜಿಯಂನ ಸೈವ್ ಅವರ ಯೋಚನೆ ಉಲ್ಟಾ. ತೂತಿನಿಂದ ಬಂದ ಗ್ಯಾಸಿನಲ್ಲಿ ಬೇಡದ್ದನ್ನು ಆಚೆ ಬಿಡಲು ಒಂದು ಕಿಟಕಿ ಇಟ್ಟರು. ನಳಿಗೆಯ ಮೇಲಿನ ಉಂಗುರ ತಿರುಗಿಸಿದಂತೆ ಆ ಕಿಟಕಿ ಚಿಕ್ಕದು ದೊಡ್ಡದು ಆಗುತ್ತದೆ. ಕಿಟಕಿ ಪೂರ್ತಿ ತೆರೆದಿದ್ದರೆ ಪಿಸ್ಟನ್ನಿಗೆ ಸಿಗುವುದು ಕಮ್ಮಿ, ಮುಚ್ಚಿದಷ್ಟೂ ಜಾಸ್ತಿ. ಇಷಾಪುರ ಕಾರ್ಖಾನೆಯಲ್ಲಿ ಮಾಡಿದ ನಮ್ಮ 1ಎ1 ಎಸ್‌ಎಲ್‌ಆರ್‌ಗೂ ಅದೇ ಬಂತು.

ನಾವು ಹೊಂದಿಸುತ್ತಿದ್ದ ರೀತಿ ಹೀಗೆ. ರೇಂಜಿನಲ್ಲಿ ಕಿಟಕಿ ತೆರೆದಿಟ್ಟು ಒಂದೊಂದೇ ತೋಟಾ ಹಾಕಿ ಹೊಡೆಯುವುದು. ಮೊದಲು ಖೋಕಾ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದು ಕ್ಲಿಕ್ ಮುಚ್ಚುವುದು, ಮತ್ತೆ ಹೊಡೆಯುವುದು. ಖೋಕಾ ಕೈಯಳತೆಯಲ್ಲಿ ಸೋಮಾರಿಯಾಗಿ ಬೀಳುತ್ತದೆ. ಇನ್ನೊಂದು ಕ್ಲಿಕ್. ಖೋಕಾ ಬಲಕ್ಕೆ ಸ್ವಚ್ಛವಾಗಿ ಹಾರಿ ಒಂದೇ ಜಾಗದಲ್ಲಿ ಬೀಳಲು ಶುರುವಾದರೆ ಆ ಬಂದೂಕಿನ ಲೆಕ್ಕ ಸಿಕ್ಕಿತು. ಮಸಿ ಕಟ್ಟಿದಾಗಲೂ ನಿಲ್ಲಬಾರದು ಅಂತ ಒಂದೆರಡು ಕ್ಲಿಕ್ ಮೇಲೆ ಕೊಡುವುದು. ಪ್ರತಿ ಬಂದೂಕಿಗೂ ತನ್ನದೇ ನಂಬರು. ಜವಾನನಿಗೆ ತನ್ನ ಬಟ್ ನಂಬರಿನ ಜೊತೆ ಗ್ಯಾಸ್ ನಂಬರೂ ಬಾಯಿಗೆ ಬರಬೇಕಿತ್ತು. ಫೈರಿಂಗ್ ಮುಗಿದ ಸಂಜೆ ಪಿಸ್ಟನ್ ತಲೆಯ ಮಸಿ ಉಜ್ಜಿ, ಸಿಲಿಂಡರಿನಲ್ಲಿ ಚಿಂದಿ ಎಳೆದು, ಒಣಗಿಸಿ ಇಡುವುದು. ಪಿಸ್ಟನ್ ಮೇಲೆ ಎಣ್ಣೆ ಹಾಕುವಂತಿಲ್ಲ. ಎಣ್ಣೆ ಬಿಸಿಗೆ ಉರಿದು ಇನ್ನಷ್ಟು ಗಟ್ಟಿ ಮಸಿ ಆಗುತ್ತದೆ.

ಈಗ ನನ್ನ ಲೆಕ್ಕಕ್ಕೆ ಸುಳಿವು. ಆ ಬಂದೂಕಿನಿಂದ ಬರೀ ಗುಂಡು ಹೊಡೆಯುವುದಲ್ಲ, ಮೂತಿಗೆ ಗ್ರೆನೇಡ್ ಸಿಕ್ಕಿಸಿ ಗುಂಡಿಲ್ಲದ, ಬರೀ ಮದ್ದಿನ ತೋಟಾದಿಂದ ಹಾರಿಸುವುದೂ ಇತ್ತು. ಆಗ ಗ್ಯಾಸ್ ಪೂರ್ತಿ ಮುಂದಕ್ಕೇ ಬೇಕು. ಪಿಸ್ಟನ್ನಿಗೆ ಹನಿಯೂ ಹೋಗಬಾರದು.

ಕೊಡಗಿನ ಕೋವಿ

ಹಾಗಿದ್ದರೆ ಎಲ್ಲೋ ಒಂದು ಕಡೆ ನಲ್ಲಿ ನಿಲ್ಲಿಸಿದ ಹಾಗೆ ಮುಚ್ಚಬೇಕು. ಆ ಉಂಗುರದಲ್ಲೇ?

ಧಾರವಾಡ ಕೆಡೆಟ್

ಉಂಗುರದಲ್ಲಲ್ಲ! ಇವತ್ತು ಯೂನಿಟ್‌ಗೆ ಹೋಗಿ ಉಸ್ತಾದ್‌ರನ್ನು ಕೇಳಿ ಎಸ್‌ಎಲ್‌ಆರ್ ಮತ್ತೆ ಬಿಚ್ಚಿಸಿಕೊಂಡೆ. ಗ್ಯಾಸ್ ಪ್ಲಗ್ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದೆ. ಅದರ ಕೊಳವೆಯಲ್ಲಿ ಒಂದು ಪಕ್ಕ ತೆರೆದಿದೆ, ಇನ್ನೊಂದು ಪಕ್ಕ ಮುಚ್ಚಿದೆ. ತೆರೆದ ಪಕ್ಕ ನಳಿಗೆಯ ತೂತಿನ ಕಡೆ ಕೂತರೆ ಗ್ಯಾಸ್ ಪಿಸ್ಟನ್ನಿಗೆ ಹೋಗುತ್ತದೆ. ಅರ್ಧ ಸುತ್ತು ತಪ್ಪಿ ಕೂರಿಸಿದರೆ ದಾರಿ ಬಂದ್. ಎರಡು ರೀತಿಯಲ್ಲೂ ಪ್ಲಗ್ ಸರಿಯಾಗಿಯೇ ಕೂರುತ್ತದೆ, ಹೊರಗಿನಿಂದ ತಲೆಯ ಮೇಲಿನ ಗುರುತು ಬಿಟ್ಟರೆ ಬೇರೆ ಸುಳಿವಿಲ್ಲ.

ಆ ಹುಡುಗ ಒರೆಸಿ ಜೋಡಿಸುವಾಗ ಪ್ಲಗ್ ಉಲ್ಟಾ ಹಾಕಿದ್ದ. ಸರಿನಾ ಸಾಹೇಬ್ರೇ?

ಹಾಸನದ ಆರ್ಮರರ್

ಸರಿ ಕಣಪ್ಪಾ. ಅವನು ಬಂದೂಕು ಕೆಟ್ಟಿದೆ ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಮೇಜಿಗೆ ತಂದಿದ್ದ. ಆವತ್ತು ಅವನ ಪರೀಕ್ಷೆ ಇತ್ತು. ಪ್ಲಗ್ ತೆಗೆದು ಅರ್ಧ ಸುತ್ತು ತಿರುಗಿಸಿ ಹಾಕಿ, ಗುರುತು ತೋರಿಸಿ, ಓಡು ಅಂದೆ. ಉಳಿದ ಐದು ಗುಂಡಿನ ಖೋಕಾ ಐದೂ ಬಲಕ್ಕೆ ಒಂದೇ ಜಾಗದಲ್ಲಿ ಬಿದ್ದವು. ನಾನು ಹಿಂದೆ ನಿಂತು ಎಣಿಸಿದ್ದೆ.